ಪರದೆಯ ಮೇಲೆ ನಡುಗಿದ ಬಾಣ

ತೆರಕಣಾಂಬಿಯ ಪುಟ್ಟಬಸಮ್ಮ ಟೀಚರಿಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಕಂಪ್ಯೂಟರಿನ ಹುಚ್ಚು ಹಿಡಿಯಿತು ಎಂದು ಬೀದಿಯವರೆಲ್ಲ ನಕ್ಕರು. ನಗುವವರ ಬಾಯಿಗೆ ಬೀಗ ಹಾಕಲು ಯಾರಿಂದಾದೀತು? ಮೊಬೈಲನ್ನು ಕೂಡ ಕರೆ ಬಂದರೆ ಎತ್ತಲು, ಮಾತು ಮುಗಿದರೆ ಇಡಲು ಮಾತ್ರ ಮುಟ್ಟುತ್ತಿದ್ದ ಹೆಂಗಸು ಇದ್ದಕ್ಕಿದ್ದಂತೆ ಮನೆಗೊಂದು ಕಂಪ್ಯೂಟರು ಬೇಕು, ಜೊತೆಗೆ ಪ್ರಿಂಟರೂ ಬೇಕು, ತಮ್ಮನ ಮಗಳು ಶಿವಾನಿಯ ಲಗ್ನಪತ್ರಿಕೆ ಅಚ್ಚಾಗಿ ಬರುವುದರೊಳಗೆ ಬೇಕು ಎಂದು ಪಟ್ಟು ಹಿಡಿದಿದ್ದಳು. ಗಂಡ ಮಲ್ಲಿಕಾರ್ಜುನಸ್ವಾಮಿ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ‘ಮುದುಕಿ ಆದ್ಮೇಲೆ ಇದೇನ್ ಶೋಕಿ ಕಣಮ್ಮಿ ನಿಂದು’ ಎಂದು ನಾಲ್ಕು ದಿನ ರೇಗಿಸಿ ಐದನೆಯ ದಿನ ಒಪ್ಪಿಕೊಂಡರು.

ಊರಿಗೆ ಗೊತ್ತಿದ್ದ ಪುಟ್ಟಬಸಮ್ಮ ಎಂದರೆ ಅವಳ ಅಕ್ಷರ. ಮೂವತ್ತನಾಲ್ಕು ವರ್ಷ ಪಾಠ ಹೇಳಿ ಉಡಿಗಾಲದ ಶಾಲೆಯಿಂದ ನಿವೃತ್ತಳಾದವಳು. ಅವಳು ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸಲು ಮಕ್ಕಳಿಗೇ ಮನಸ್ಸು ಬರುತ್ತಿರಲಿಲ್ಲ. ಯಾರ ಮನೆಯ ಮದುವೆಯಾದರೂ ಪತ್ರಿಕೆಯ ಕಟ್ಟು ಮೊದಲು ಅವಳ ಜಗಲಿಗೆ ಬರುತ್ತಿತ್ತು. ಕರೆಯಬೇಕಾದವರ ಹೆಸರುಗಳನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಡುತ್ತಿದ್ದಳು. ತವರಿನಲ್ಲಂತೂ ಅದೊಂದು ಪದ್ಧತಿಯೇ. ಮದುವೆಯ ಮೊದಲ ಪತ್ರಿಕೆ ಮನೆದೇವರು ಮಾದಪ್ಪನಿಗೆ. ಅದರ ಮೇಲೆ ದೇವರ ಹೆಸರನ್ನು ಮನೆಯ ಹೆಣ್ಣುಮಗಳು ದೇವರಮನೆಯ ಮುಂದೆ ಕೂತು, ಎಲ್ಲರೆದುರಿಗೆ, ತನ್ನ ಕೈಯಾರೆ ಬರೆಯಬೇಕು. ತಮ್ಮ ಪುಟ್ಟರಾಜುವಿನ ಮದುವೆಗೆ ಅವಳೇ ಬರೆದಿದ್ದಳು. ಈಗ ಅವನ ಮಗಳ ಮದುವೆಗೂ ಅವಳೇ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಎರಡು ಮಾತಿಲ್ಲದಿದ್ದರೂ ಬರೆಯುವ ಕೈ ಒಪ್ಪಬೇಕಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಪುಟ್ಟಬಸಮ್ಮನ ಬಲಗೈ ನಡುಗಲು ಶುರುವಾಗಿತ್ತು. ಮೊದಮೊದಲು ಚಳಿ ಎಂದುಕೊಂಡಳು. ಬೇಸಿಗೆ ಬಂದರೂ ಆ ಚಳಿ ಬಿಡಲಿಲ್ಲ. ಒಂದು ದಿನ ಬ್ಯಾಂಕಿನಲ್ಲಿ ಅವಳ ಸಹಿ ಹೊಂದುತ್ತಿಲ್ಲ ಎಂದು ಮೂರು ಸಲ ಹಾಕಿಸಿದರು. ನಾಲ್ಕನೆಯ ಸಲ ಅಲ್ಲಿದ್ದ ಹುಡುಗಿ, ಪಾಪ, ಒಳ್ಳೆಯ ಮಾತಿನಲ್ಲೇ ಇಂಕಿನ ಪ್ಯಾಡನ್ನು ಮುಂದೆ ತಳ್ಳಿ, ‘ಹೆಬ್ಬೆಟ್ಟು ಒತ್ತಿಬಿಡಿ ಅಮ್ಮ’ ಎಂದಳು. ಸಾಕ್ಷರತಾ ಆಂದೋಲನದ ಕಾಲದಲ್ಲಿ, ಆಗ ತಾನು ಪಾಠ ಹೇಳುತ್ತಿದ್ದ ಉಮ್ಮತ್ತೂರಿನ ಹೆಂಗಸರನ್ನು ಸಂಜೆ ಶಾಲೆಯ ಜಗಲಿಯಲ್ಲಿ ಕೂರಿಸಿಕೊಂಡು, ಕೈಗೆ ಸ್ಲೇಟು ಕೊಟ್ಟು, ಇನ್ನು ಮೇಲೆ ಯಾರೂ ಹೆಬ್ಬೆಟ್ಟು ಒತ್ತಕೂಡದು ಎಂದು ಗದರಿಸಿದ್ದವಳು ಇವಳೇ. ಸ್ವಂತ ಅತ್ತೆ ಗುರುಮಲ್ಲಮ್ಮನಿಗೂ ಅರವತ್ತು ದಾಟಿದ ಮೇಲೆ ಹೆಸರು ಬರೆಯಲು ಕಲಿಸಿದ್ದಳು. ಯಾರಿಗೇ ಆದರೂ ಮೊದಲ ದಿನ ಮಾತ್ರ ಕೈ ಹಿಡಿದು ತಿದ್ದಿಸುತ್ತಿದ್ದಳು. ಮಾರನೆಯ ದಿನದಿಂದ, ‘ಸೊಟ್ಟಗಾದ್ರೂ ಪರವಾಗಿಲ್ಲ, ನಿಮ್ಮ ಅಕ್ಷರ ನಿಮ್ದೇ ಆಗಿರ್ಲಿ’ ಎಂದು ಕೈ ಬಿಟ್ಟುಬಿಡುತ್ತಿದ್ದಳು. ಅಂಥವಳು ಅಂದು ಬ್ಯಾಂಕಿನಿಂದ ಬಂದು ಹೆಬ್ಬೆರಳನ್ನು ಮೂರು ಸಲ ಸೋಪು ಹಾಕಿ ಉಜ್ಜಿದಳು. ಆ ನೀಲಿ ಹೋಗಲು ಎರಡು ದಿನ ಬೇಕಾಯಿತು.

ಅವಮಾನವನ್ನು ನುಂಗಿಕೊಳ್ಳಬಹುದಿತ್ತು, ಭಯವನ್ನು ನುಂಗಿಕೊಳ್ಳಲಾಗಲಿಲ್ಲ. ಅವಳ ಅಪ್ಪನಿಗೂ ಹೀಗೇ ಬಲಗೈಯಿಂದ ಶುರುವಾಗಿತ್ತು. ಕೈ ಆಯಿತು, ಕಾಲಾಯಿತು, ಕೊನೆಯ ಆರು ವರ್ಷ ಬಾಯಿಗೆ ತುತ್ತಿಡಬೇಕಾಯಿತು. ಆ ರೋಗಕ್ಕೆ ಡಾಕ್ಟರು ಏನು ಹೆಸರು ಹೇಳಿದ್ದರೋ, ಊರಿನವರು ಮಾತ್ರ ‘ಆ ಮನೆಯ ನಡುಕ’ ಎಂದೇ ಹೆಸರಿಟ್ಟರು. ಅದೀಗ ಜನರ ನೆನಪಿನಿಂದ ಮಾಸಿದೆ. ಅಪ್ಪನಿಗೆ ಬಂದದ್ದು ಮಗಳಿಗೂ ಬಂತು ಎಂದು ಒಬ್ಬರು ಬಾಯಿಬಿಟ್ಟರೆ ಸಾಕು, ಗುಂಡ್ಲುಪೇಟೆಯ ಗಂಡಿನ ಮನೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಶಿವಾನಿ ಅದೇ ಮನೆಯ ಮೊಮ್ಮಗಳು. ಅವಳ ಕೊರಳಿಗೆ ತಾಳಿ ಬೀಳುವವರೆಗೆ ತನ್ನ ಕೈ ಯಾರ ಕಣ್ಣಿಗೂ ಬೀಳಬಾರದು ಎಂದು ಪುಟ್ಟಬಸಮ್ಮ ತೀರ್ಮಾನಿಸಿದಳು. ಹೆಸರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒತ್ತಿ ಪ್ರಿಂಟು ತೆಗೆದು ಅಂಟಿಸಿದರಾಯಿತು. ದೇವರ ಹೆಸರೂ ಅದರಲ್ಲೇ ಬರಲಿ, ಈಗ ಎಲ್ಲ ಕಡೆ ಹೀಗೇ ಎಂದುಬಿಟ್ಟರಾಯಿತು. ಅಷ್ಟರವರೆಗೆ ಕೈ ಸೆರಗಿನಡಿ ಇರಲಿ. ಗಂಡನಿಗೆ ಟೀ ಕೊಡುವಾಗ ಚೆಲ್ಲದಿರಲೆಂದು ಅರ್ಧ ಲೋಟ ಮಾತ್ರ ತುಂಬುತ್ತಿದ್ದಳು. ‘ಟೀಗೂ ಜಿಪುಣತನ ಸುರು ಮಾಡ್ಬುಟ್ಟೆಯಲ್ಲಮ್ಮಿ’ ಎಂದು ಅವರು ಗೊಣಗಿದರೆ, ಸಕ್ಕರೆ ಕಾಯಿಲೆ ಬಂದೀತು ಎಂದು ಮಾತು ಹಾರಿಸುತ್ತಿದ್ದಳು.

ಹೀಗೆ ಗಂಡ ಹೆಂಡತಿ ಚಾಮರಾಜನಗರದಲ್ಲಿ ನಾಗೇಂದ್ರ ಎಂಬುವವನ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿದರು. ನಲವತ್ತು ದಾಟಿದ ನಾಗೇಂದ್ರ ಗಿರಾಕಿಯ ತಲೆಗೆ ಬೇಡದ್ದನ್ನು ಕಟ್ಟುವವನಲ್ಲ.

‘ಏನ್ ಕೆಲ್ಸಕ್ಕೆ ಬೇಕಮ್ಮ?’ ಎಂದು ಕೇಳಿದ.

‘ಕನ್ನಡದಲ್ಲಿ ಹೆಸರು ಬರೆಯೋಕೆ, ಪ್ರಿಂಟ್ ತೆಗೆಯೋಕೆ. ಇನ್ನೇನೂ ಬೇಡಪ್ಪ.’

ಅಷ್ಟಕ್ಕೆ ಟ್ಯಾಬು ಸಾಕು ಎಂದು ಅವನು ಒಂದನ್ನು ಮುಂದಿಟ್ಟ. ಪುಟ್ಟಬಸಮ್ಮ ಬೆರಳಿಟ್ಟ ಜಾಗ ಒಂದು, ತೆರೆದುಕೊಂಡದ್ದು ಮತ್ತೊಂದು. ‘ಇದೊಳ್ಳೆ ಮುಟ್ಟಿದರೆ ಮುನಿ ಇದ್ದ ಹಾಗಿದೆ, ಬೇಡ’ ಎಂದು ನಗುತ್ತ ಪಕ್ಕಕ್ಕೆ ಸರಿಸಿದಳು. ಲ್ಯಾಪ್‌ಟಾಪಿನ ಅಕ್ಷರ ಇರುವೆ ಸಾಲಿನಂತಿದೆ ಎಂದು ಮಲ್ಲಿಕಾರ್ಜುನಸ್ವಾಮಿಯವರೇ ತೆಗೆದುಹಾಕಿದರು. ಕೊನೆಗೆ ಮೇಜಿನ ಮೇಲಿಡುವ ದೊಡ್ಡ ಪರದೆಯದೊಂದು ಸಿಕ್ಕಿತು. ಕೀಬೋರ್ಡಿನ ಒಂದೊಂದು ಕೀಯ ಮೇಲೂ ಕನ್ನಡ ಅಕ್ಷರದ ಸ್ಟಿಕ್ಕರು. ಪುಟ್ಟಬಸಮ್ಮನ ಎದೆ ಹಗುರವಾಯಿತು. ಒತ್ತಿದರೆ ಅಕ್ಷರ ಬರುತ್ತದೆ, ಒತ್ತಿದ ಕೈ ಹೇಗಿದೆ ಎಂದು ಅದು ಯಾರಿಗೂ ಹೇಳುವುದಿಲ್ಲ. ಇದೇ ಇರಲಿ ಎಂದಳು.

‘ಒಂದ್ಸಲ ಮೌಸ್ ಹಿಡಿದು ನೋಡಿ ಅಮ್ಮ. ಈ ಬಾಣ ತಗೊಂಡೋಗಿ ಆ ಚಿತ್ರದ ಮೇಲೆ ನಿಲ್ಲಿಸಿ,’ ಎಂದ ನಾಗೇಂದ್ರ.

ಮೌಸಿನ ವಿಷಯ ಅವಳ ಲೆಕ್ಕದಲ್ಲೇ ಇರಲಿಲ್ಲ. ಎಡಗೈ ಮುಂದೆ ಮಾಡಿದಳು. ‘ಬಲಗೈಲಿ ಅಮ್ಮ’ ಎಂದ. ಸೆರಗಿನಡಿಯಿಂದ ಬಲಗೈ ಬಂದು ಮೌಸನ್ನು ಹಿಡಿದದ್ದೇ ತಡ, ಬಾಣ ಕುಣಿಯತೊಡಗಿತು. ಸೆರಗಿನಡಿ ಒಂದಂಗುಲವಿದ್ದ ನಡುಕ ಆ ದೊಡ್ಡ ಪರದೆಯ ಮೇಲೆ ಗೇಣುದ್ದ ಕಾಣುತ್ತಿತ್ತು. ಅವಳು ಎಷ್ಟು ಬಿಗಿಹಿಡಿದರೆ ಅದು ಅಷ್ಟು ಹೆಚ್ಚು ನಡುಗಿತು.

‘ಇದು ಕೆಟ್ಟೋಗದೆ ಕಣಪ್ಪ, ಬ್ಯಾರೆ ತತ್ತಾ,’ ಎಂದರು ಮಲ್ಲಿಕಾರ್ಜುನಸ್ವಾಮಿ.

ನಾಗೇಂದ್ರ ಬೇರೆ ಮೌಸ್ ತಂದ. ಬಾಣ ನಿಲ್ಲಲಿಲ್ಲ. ಮೂವತ್ತು ವರ್ಷ ಕಂಬ ಹತ್ತಿದ ಮನುಷ್ಯನಿಗೆ ದೋಷ ಹುಡುಕುವ ಒಂದು ಕ್ರಮವಿರುತ್ತದೆ: ಒಂದೊಂದನ್ನೇ ಬದಲಾಯಿಸುತ್ತ ಹೋಗುವುದು, ಯಾವುದನ್ನು ಬದಲಾಯಿಸಿದಾಗ ಸರಿಹೋಯಿತೋ ಅಲ್ಲೇ ಕೆಟ್ಟಿದೆ. ಅವರು ವೈರನ್ನು ಬೇರೆ ಕಿಂಡಿಗೆ ಸಿಕ್ಕಿಸಿದರು. ಮೇಜು ಅಲ್ಲಾಡುತ್ತಿರಬಹುದೆಂದು ಕಾಲಿಗೆ ರಟ್ಟಿನ ಚೂರು ಕೊಟ್ಟರು. ಫ್ಯಾನ್ ಆರಿಸಿದರು. ನಾಗೇಂದ್ರನಿಗೆ ಆಗಲೇ ತಿಳಿದಿತ್ತು, ಅವನು ನೆಲ ನೋಡುತ್ತ ನಿಂತಿದ್ದ. ‘ಬೇಡ ಬಿಡ್ರೀ’ ಎಂದಳು ಪುಟ್ಟಬಸಮ್ಮ. ಅವರಿಗೆ ಕೇಳಿಸಲಿಲ್ಲ. ‘ತಾಳಮ್ಮಿ, ನಾ ನೋಡ್ತೀನಿ’ ಎಂದು ಅವಳ ಕೈ ಸರಿಸಿ ತಮ್ಮ ಕೈಯಿಟ್ಟರು.

ಬಾಣ ನಿಂತಿತು.

ಅವರು ಕೈ ತೆಗೆಯದೆ ಪರದೆಯನ್ನು ನೋಡಿದರು. ಆಮೇಲೆ ಹೆಂಡತಿಯ ಸೆರಗಿನ ಕಡೆ ನೋಡಿದರು. ಪುಟ್ಟಬಸಮ್ಮನಿಗೆ ಅಂಗಡಿಯ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ‘ನಡೀರಿ, ಮನೆಗೆ ಹೋಗೋಣ, ಏನೂ ಬೇಡ’ ಎಂದು ಎದ್ದಳು. ‘ಕೂತ್ಕೊ’ ಎಂದರು ಅವರು, ಅಷ್ಟೇ. ನಾಗೇಂದ್ರ ಯಾರ ಮುಖವನ್ನೂ ನೋಡದೆ ಬಾಣದ ಓಟವನ್ನು ನಿಧಾನ ಮಾಡಿದ. ನಡುಗುವ ಬೆರಳು ಒಂದೇ ಕೀಯನ್ನು ನಾಲ್ಕು ಸಲ ತಾಕಿದರೂ ಅಕ್ಷರ ಒಂದೇ ಬರುವಂತೆ ಏನೋ ಮಾಡಿಕೊಟ್ಟ. ‘ಈಗ ಆಗುತ್ತೆ ಅಮ್ಮ’ ಎಂದ.

ತೆರಕಣಾಂಬಿಯ ಬಸ್ಸಿನಲ್ಲಿ ಪೆಟ್ಟಿಗೆಗಳನ್ನು ಕಾಲ ಬಳಿ ಇಟ್ಟುಕೊಂಡು ಇಬ್ಬರೂ ಕೂತರು.

‘ಯಾವಾಗ್ನಿಂದ?’

‘ದೀಪಾವಳಿಯಿಂದ.’

‘ಅರ್ಧ ಲೋಟ ಟೀ ಅದ್ಕೇನಾ?’

ಅವಳು ತಲೆಯಾಡಿಸಿದಳು. ಅವರು ಕಿಟಕಿಯ ಕಡೆ ತಿರುಗಿಕೊಂಡರು. ‘ಊರಗ್ಲ ಕರೆಂಟು ಎಲ್ಲಿ ಕೆಟ್ಟದೆ ಅಂತ ಕಂಡಿಡಿತಿದ್ದೆ. ಮನೆ ಒಳ್ಗಿರೋದು ಗೊತ್ತಾಗ್ನಿಲ್ಲ,’ ಎಂದರು. ‘ನಾಳೀಕೆ ಮೈಸೂರ್ಗೆ ಓಗನ. ಡಾಕ್ಟ್ರಿಗೆ ತೋರ್ಸನ.’

‘ಮದುವೆ ಮುಗೀಲಿ ರೀ. ಅಲ್ಲೀತನಕ ಯಾರಿಗೂ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.’

ಅವರು ಜಾರುತ್ತಿದ್ದ ಪೆಟ್ಟಿಗೆಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡರು.

ಹತ್ತು ದಿನದಲ್ಲಿ ಪುಟ್ಟಬಸಮ್ಮ ಕೀಗಳನ್ನು ಹುಡುಕಿ ಹುಡುಕಿ ಒತ್ತಿ ಇನ್ನೂರು ಹೆಸರುಗಳನ್ನು ಇಳಿಸಿ ಪ್ರಿಂಟು ತೆಗೆದಳು. ಪತ್ರಿಕೆ ಬಂದ ದಿನ ಆ ಹಾಳೆಗಳನ್ನು ಹಿಡಿದು ಗಂಡನ ಜೊತೆ ತಮ್ಮನ ಮನೆಗೆ ಹೋದಳು. ಎಲ್ಲಕ್ಕಿಂತ ಮೇಲೆ ಮಾದಪ್ಪನ ಹೆಸರಿನ ಚೀಟಿಯಿತ್ತು. ಪುಟ್ಟರಾಜು ಅದನ್ನು ನೋಡಿ ಪಕ್ಕಕ್ಕಿಟ್ಟ.

‘ಊರೋರ್ಗೆಲ್ಲ ಪ್ರಿಂಟೇ ಆಗ್ಲಿ ಅಕ್ಕ. ದೇವ್ರಿಗೆ ಮಾತ್ರ ನಿನ್ ಕೈಲೇ ಬರೀ. ನನ್ ಮದ್ವೇಲಿ ನೀ ಬರ್ದಿದ್ ಪತ್ರಿಕೆನ ಅಪ್ಪ ಸಾಯಗಂಟ ಪೆಟ್ಟಿಗೇಲಿ ಮಡಗಿದ್ದ.’

ಶಿವಾನಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆಯನ್ನು ಅತ್ತೆಯ ಮುಂದಿಟ್ಟು, ಪೆನ್ನು ಕೊಟ್ಟು, ಅವಳ ಮಗ್ಗುಲಿಗೆ ಒತ್ತಿಕೊಂಡು ಕೂತಳು. ಮಲ್ಲಿಕಾರ್ಜುನಸ್ವಾಮಿ ಹಿಂದಿನಿಂದ ಬಗ್ಗಿ, ‘ನಾ ಕೈ ಇಡ್ಕಳ್ಳಾ?’ ಎಂದು ಪಿಸುಗುಟ್ಟಿದರು. ಪುಟ್ಟಬಸಮ್ಮ ಬೇಡವೆಂದು ತಲೆಯಾಡಿಸಿದಳು. ಸೆರಗಿನಡಿಯಿಂದ ಕೈ ತೆಗೆದು ‘ಶ್ರೀ’ ಎಂದು ಬರೆದಳು.

ಅದು ಅವಳ ಅಕ್ಷರವಾಗಿರಲಿಲ್ಲ. ಜಗಲಿಯ ಮೇಲೆ ಸ್ಲೇಟು ಹಿಡಿದ ಗುರುಮಲ್ಲಮ್ಮ ಎರಡನೆಯ ದಿನ ಬರೆದ ಅಕ್ಷರ ಹೀಗೇ ಇತ್ತು, ಅಂಕುಡೊಂಕಾಗಿ, ಗೆರೆ ಗೆರೆಯಲ್ಲೂ ಮುರಿದುಕೊಂಡು.

‘ಅತ್ತೆ, ಕೈಗೆ ಏನಾಯ್ತು?’

ಬಚ್ಚಲಲ್ಲಿ ಜಾರಿದೆ, ವಾಯು ಹಿಡಿದಿದೆ ಎಂದು ಎರಡು ಸುಳ್ಳುಗಳನ್ನು ಪುಟ್ಟಬಸಮ್ಮ ತಯಾರಾಗಿ ಇಟ್ಟುಕೊಂಡಿದ್ದಳು. ದೇವರ ಮುಂದೆ, ಈ ಹುಡುಗಿಯ ಮುಖ ನೋಡಿಕೊಂಡು, ಎರಡೂ ಬಾಯಿಗೆ ಬರಲಿಲ್ಲ.

‘ನಡುಗ್ತದೆ ಕಣಮ್ಮಿ.’

‘ತಾತಂಗೆ ಬಂದಿತ್ತಲ್ಲ, ಅದಾ?’

‘ಅದೇ ಇರ್ಬೇಕು.’

ಪುಟ್ಟರಾಜು ಎದ್ದುಹೋಗಿ ಬೀದಿಬಾಗಿಲು ಹಾಕಿ ಚಿಲಕ ಹಾಕಿದ. ಹಾಡಹಗಲು ಆ ಮನೆಯ ಬಾಗಿಲು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

‘ಬಾಗ್ಲು ಯಾಕಪ್ಪ ಹಾಕ್ದೆ?’ ಎಂದಳು ಶಿವಾನಿ. ‘ಗುಂಡ್ಲುಪೇಟೆಯವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.’

ಅವನು ಚಿಲಕದ ಹತ್ತಿರವೇ ನಿಂತಿದ್ದ. ಬಾಗಿಲನ್ನು ತೆಗೆಯಲಿಲ್ಲ.

‘ಪೂರ್ತಿ ಬರೀರಿ ಅತ್ತೆ,’ ಎಂದು ಶಿವಾನಿ ಪತ್ರಿಕೆ ಅಲ್ಲಾಡದಂತೆ ಎಡಗೈಯಿಂದ ಒತ್ತಿ ಹಿಡಿದಳು. ಪುಟ್ಟಬಸಮ್ಮ ಬರೆದಳು. ಒಂದು ಹೆಸರಿಗೆ ಅವಳು ಜನ್ಮದಲ್ಲಿ ಅಷ್ಟು ಹೊತ್ತು ತೆಗೆದುಕೊಂಡವಳಲ್ಲ. ಕೊನೆಯ ಅಕ್ಷರ ಮುಗಿಸಿ ತಲೆಯೆತ್ತಿದಾಗ, ಶಿವಾನಿ ತನ್ನ ಬಲಗೈಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು.