ಪಥ್ಯ ಮುರಿದ ದಿನ

ಎರಡು ವರ್ಷದಿಂದ ನನ್ನ ಮೈಮೇಲೆ ಪಿತ್ತದ ಗಂಧೆ ಏಳುತ್ತಿದ್ದವು. ಎದ್ದಾಗಲೆಲ್ಲ ಅತ್ತೆಯ ಪ್ರಶ್ನೆ ಒಂದೇ: "ಏನ್ ತಿಂದಿದ್ದಿ?" ಮೊದಲು ಬದನೆಕಾಯಿ ಬಂದ್ ಆಯಿತು, ಆಮೇಲೆ ಶೇಂಗಾ, ಮೊಸರು, ಹುಣಸೆ. ನವನಗರದ ನಮ್ಮ ಮನೆಯಲ್ಲಿ ನನಗಷ್ಟೇ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು. ಒಪ್ಪಿಕೊಂಡವಳೂ ನಾನೇ. ಬದನೆಕಾಯಿ ತಿಂದ ದಿನವೇ ಗಂಧೆ ಎದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ದಿನಚರಿ ತೆಗೆದು ನೋಡಿದರೆ ಅಂಥ ದಿನಗಳು ಎರಡೇ ಇದ್ದವು. ತಿಂದೂ ಏನೂ ಆಗದ ದಿನಗಳನ್ನು ನೆನಪು ಸದ್ದಿಲ್ಲದೆ ಕೈಬಿಟ್ಟಿತ್ತು.

ಧಾರವಾಡದ ಚರ್ಮದ ಡಾಕ್ಟರು ಒಂದು ಪರೀಕ್ಷೆ ಹೇಳಿದರು. ನನ್ನದೇ ರಕ್ತ ತೆಗೆದು, ಅದರ ತಿಳಿ ಭಾಗವಾದ ಸೀರಂ ಬೇರೆ ಮಾಡಿ, ನನ್ನ ಮುಂಗೈಗೇ ಚುಚ್ಚುವುದು. ಅಲ್ಲಿ ಗಂಧೆ ಎದ್ದರೆ, ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಮೈಯನ್ನು ಕೆರಳಿಸುತ್ತಿದೆ ಎಂಬ ಸುಳಿವು. ಅದಕ್ಕೆ ಮೊದಲು ಐದು ದಿನ ಅಲರ್ಜಿ ಗುಳಿಗೆ ಬಿಡಬೇಕು.

ಬಿಟ್ಟೆ. ಮೂರನೆಯ ದಿನ ಬೆನ್ನು, ತೊಡೆ ಕೆಂಡವಾದವು. ಗಂಧೆಗೆ ಕಂಬಳಿಯೇ ಮದ್ದು ಎಂದು ನಂಬಿದ್ದ ಅತ್ತೆ ಅದನ್ನು ಹಿಡಿದು ನಿಂತರು.

"ಇದನ್ನರ ಸುತ್ಕೋ, ಇಲ್ಲಂದ್ರ ಗುಳಿಗಿ ನುಂಗು. ಯಾರ ಮ್ಯಾಲ ಹಟಾ ಮಾಡಾಕತ್ತಿ?"

"ನಿಮ್ಮ ಮ್ಯಾಲ ಅಲ್ಲರಿ ಅತ್ತಿ, ಆ ಸಪ್ಪನ ಸಾರಿನ ಮ್ಯಾಲ."

ಪರೀಕ್ಷೆಯ ದಿನ ಅತ್ತೆಯೂ ಜೊತೆಗೆ ಬಂದರು. ಡಾಕ್ಟರು ಮುಂಗೈಗೆ ಮೂರು ಕಡೆ ಚುಚ್ಚಿದರು: ಹೋಲಿಸಿ ನೋಡಲು ಉಪ್ಪುನೀರು ಮತ್ತು ಗಂಧೆ ಎಬ್ಬಿಸುವ ಔಷಧ, ಜೊತೆಗೆ ನನ್ನ ಸೀರಂ. ಅರ್ಧ ಗಂಟೆ ಕಳೆದರೂ ಉಪ್ಪುನೀರಿನ ಜಾಗ ಸಪಾಟಾಗಿಯೇ ಇತ್ತು. ಸೀರಂ ಚುಚ್ಚಿದಲ್ಲಿ ಕೆಂಪಗೆ ಉಬ್ಬಿತ್ತು. ಡಾಕ್ಟರು ಸ್ಕೇಲು ಇಟ್ಟು ಅಳೆದು, "ಬದನಿಕಾಯಿದು ಏನೂ ತಪ್ಪಿಲ್ಲ ಅನ್ನಸ್ತೈತ್ರಿ. ಪಥ್ಯಾ ಬ್ಯಾಡ" ಎಂದರು. ಇದು ನೂರಕ್ಕೆ ನೂರು ಹೇಳುವ ಪರೀಕ್ಷೆಯಲ್ಲ ಎಂದೂ ಹೇಳಿದರು. ಆ ಮಾತನ್ನು ಇಲ್ಲಿ ಬರೆಯದೆ ಬಿಟ್ಟರೆ ನಾನೂ ನನ್ನ ನೆನಪಿನಷ್ಟೇ ಮೋಸಗಾರ್ತಿ.

ಹೊರಗೆ ಬಂದದ್ದೇ ಅತ್ತೆ ತೀರ್ಮಾನಿಸಿದರು: "ಅಂದ್ರ ನಿನ್ನ ರಕ್ತಾನ ಕೆಟ್ಟೈತಿ. ಇನ್ನ ರಕ್ತಕ್ಕ ಪಥ್ಯಾ ಮಾಡೂಣು. ಖಾರಾ ಬಂದ್."

ನಗುವೂ ಬಂತು, ಸಿಟ್ಟೂ ಬಂತು. "ಪಥ್ಯಾ ಇವತ್ತಿಗೆ ಮುಗೀತ್ರಿ ಅತ್ತಿ."

ಮರುದಿನ ಮಧ್ಯಾಹ್ನ ಎಲ್ಲರ ಜೊತೆ ಕೂತು ಎರಡು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದೆ. ಎಲ್ಲರ ಕಣ್ಣೂ ನನ್ನ ಕೈಮೇಲೆ. ನಾಲ್ಕು ಗಂಟೆಗೆ ಕುತ್ತಿಗೆಯ ಮೇಲೆ ಗಂಧೆ ಎದ್ದವು.

"ನೋಡಿದ್ಯವಾ?" ಎಂದರು ಅತ್ತೆ.

"ನೋಡೇನ್ರಿ. ಮೊನ್ನಿ ಬದನಿಕಾಯಿ ತಿನ್ನದಿದ್ರೂ ಎದ್ದಿದ್ವು. ನಾಳಿಗೂ ತಿಂತೇನಿ."