ಸೋರದ ಟೊಮೆಟೊ

ನಿವೃತ್ತನಾದ ಮೇಲೆ ನನಗೆ ಓವನ್ನಿನ ಹುಚ್ಚು ಹಿಡಿಯಿತು. ಮೊದಲ ದಿನ ಟೊಮೆಟೊಗಳನ್ನು ಎಣ್ಣೆಗಾಯಿಯ ಬದನೆಯಂತೆ ನಾಲ್ಕಾಗಿ ಸೀಳಿ, ಶೇಂಗಾಪುಡಿ ತುಂಬಿ ಒಳಗಿಟ್ಟೆ. ಹೊರಗೆ ಬಂದದ್ದು ಸಾರು!

"ಇನ್ನೊಮ್ಮಿ ಹಿಂಗ ಕೆಡಿಸಿದ್ರ ಅಡಗಿಮನ್ಯಾಗ ಕಾಲಿಡಬ್ಯಾಡ್ರಿ" ಎಂದಳು ಹೆಂಡತಿ.

ಮರುದಿನ ಬಾಗೇವಾಡಿ ಸಂತೆಯಲ್ಲಿ ಟೊಮೆಟೊ ಮಾರುವ ಅಜ್ಜಿಗೆ ಕಥೆಯನ್ನೆಲ್ಲ ಒಪ್ಪಿಸಿದೆ. ಆಕೆ ಬಿದ್ದುಬಿದ್ದು ನಕ್ಕಳು.

"ಸೀಳಾಕ ಅದೇನ್ ಬದನಿಕಾಯೇನೋ ಯಪ್ಪಾ? ಗಟ್ಟಿ ಹಣ್ಣ ತಗೋ. ಮ್ಯಾಲಿನ ತುದಿ ಅಷ್ಟ ಕೊಯ್ದು, ತಿರುಳು ತಗದು, ಗಡಗಿ ತುಂಬಿದಂಗ ತುಂಬು."

ಹಾಗೇ ಮಾಡಿದೆ. ಒಂದೂ ಸೋರಲಿಲ್ಲ! ಹೆಂಡತಿ ರೊಟ್ಟಿಯ ಜೊತೆ ಒಂದು ತಿಂದಳು, ಎರಡನೆಯದಕ್ಕೂ ಕೈ ಹಾಕಿದಳು. ಆಮೇಲೆ, "ನಾಳೆ ನಮ್ಮಣ್ಣ ಬರ್ತಾನ, ಹತ್ತು ಮಾಡ್ರಿ" ಎಂದಳು.

ಅಡುಗೆಮನೆಗೆ ಕಾಲಿಡಬೇಡಿ ಎಂದವಳು ಈಗ ಹೊರಗೆ ಬರಲು ಬಿಡುತ್ತಿಲ್ಲ.