ಹೆಂಡತಿಯ ತಟ್ಟೆಯ ಫೋಟೋ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಮೂರು ವಾರಗಳ ಕಾಲ ನಾನು ನನ್ನ ಹೆಂಡತಿ ಉಣ್ಣುವ ತಟ್ಟೆಯ ಫೋಟೋ ತೆಗೆದು, ಅದು ನನ್ನ ತಟ್ಟೆಯೆಂದು ಆಸ್ಪತ್ರೆಗೆ ಕಳಿಸಿದ್ದೇನೆ. ಐವತ್ತೈದು ದಾಟಿದ ಮನುಷ್ಯ, ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಮುಟ್ಟಿ ಗುಣ ಹೇಳುವವನೆಂದು ನಾಲ್ಕು ಜನ ನಂಬಿರುವವನು, ಇಂಥ ಕಳ್ಳತನಕ್ಕೆ ಇಳಿದದ್ದು ಬರೀ ಎರಡು ಮೆಣಸಿನಕಾಯಿ ಬಜ್ಜಿಗಾಗಿ.

ಚಿಪ್ಪಗಿರಿಯಲ್ಲಿರುವ ನಮ್ಮ ಅಣ್ಣನಿಗೆ ಎದೆನೋವು ಬಂದು, ಕರ್ನೂಲಿಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡು ಬಂದ. ದೇವರ ದಯೆ, ಈಗ ಚೆನ್ನಾಗಿದ್ದಾನೆ. ಒಡಹುಟ್ಟಿದವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರಿಂದ ನಾನೂ ನಮ್ಮೂರ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟೆ. ಹತ್ತಿಯ ಎಳೆಯನ್ನು ಎರಡು ಬೆರಳಲ್ಲಿ ಎಳೆದು ಅದರ ಉದ್ದ ಹೇಳಬಲ್ಲ ನನಗೆ, ನನ್ನದೇ ರಕ್ತದಲ್ಲಿ ಇಷ್ಟೊಂದು ಕೊಬ್ಬು ಓಡಾಡುತ್ತಿದೆ ಎಂಬುದು ಗೊತ್ತಿರಲಿಲ್ಲ.

“ರೋಗ ಇನ್ನೂ ಬಂದಿಲ್ಲ. ಆದ್ರ ನಿಮ್ಮ ಮನಿ ಎಲ್ಲೈತಿ ಅಂತ ಕೇಳ್ಕೊಂತ ಹೊಂಟೈತಿ” ಎಂದರು ಡಾಕ್ಟರು.

ಮೊದಲು ಊಟ ತಿದ್ದಬೇಕು ಎಂದು ಅವರು ನನ್ನನ್ನು ನಸ್ರೀನ್ ಎಂಬ ಹೆಣ್ಣುಮಗಳ ಹತ್ತಿರ ಕಳಿಸಿದರು. ಆ ಆಸ್ಪತ್ರೆಯಲ್ಲಿ ಯಾರು ಏನು ಉಣ್ಣಬೇಕೆಂದು ಹೇಳುವವಳು ಅವಳು. ಆದೋನಿಯವರೆಲ್ಲರ ಹಾಗೆ ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಾಳೆ. ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಉಣ್ಣುವ ಮೊದಲು ತಟ್ಟೆಯ ಫೋಟೋ ತೆಗೆದು ಅದಕ್ಕೆ ತೋರಿಸಬೇಕು. ಊಟ ಒಳ್ಳೆಯದಾದರೆ ಹಸಿರು ಚುಕ್ಕೆ, ಕೆಟ್ಟದ್ದಾದರೆ ಕೆಂಪು. ಆಮೇಲೆ ಆ ಫೋಟೋಗಳನ್ನೆಲ್ಲ ಅವಳು ಕೂತು ನೋಡುತ್ತಾಳೆ. ಆ್ಯಪು ನನಗೆ ಓಟ್ಸ್ ತಿನ್ನಲು ಹೇಳಿತು. ನನ್ನ ಮುಖ ಬಾಡಿದ್ದನ್ನು ಕಂಡು ನಸ್ರೀನಳೇ ಸಮಾಧಾನ ಮಾಡಿದಳು.

“ಅದನ್ನ ಬಿಡ್ರಿ ಸಾರ್. ಜೋಳ, ಸಜ್ಜಿ, ನವಣಿ, ಪುಂಡಿಸೊಪ್ಪು ಎಲ್ಲಾ ನಮ್ಮ ಹೊಲದಾಗೇ ಬೆಳಿತಾವು. ಎಲ್ಲಿಂದಾನೋ ಲಾರ್ಯಾಗ ಬರೋದು ನಮಗ್ಯಾಕ?”

ನಮ್ಮ ಮನೆಯಲ್ಲಿ ಹಿಂದಿನಿಂದಲೂ ಕೊರಳಲ್ಲಿನ ಲಿಂಗಕ್ಕೆ ತೋರಿಸಿಯೇ ಉಣ್ಣುವುದು ರೂಢಿ. ಹಾಗಾಗಿ ತೋರಿಸಿ ಉಣ್ಣುವುದು ನನಗೆ ಹೊಸದೇನಲ್ಲ. ಆದರೆ ಶಿವ ಎಂದೂ ತಟ್ಟೆ ನೋಡಿ ಕೆಂಪು ಚುಕ್ಕೆ ಇಟ್ಟವನಲ್ಲ. ಫೋನು ಮೊದಲ ದಿನವೇ ಇಟ್ಟಿತು. ಬೆಳಿಗ್ಗೆ ಯಾರ್ಡಿಗೆ ಹೋಗುವಾಗ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಜೊತೆಗೆ ಎರಡು ಬಿಸಿ ಬಜ್ಜಿ ತಿನ್ನುವುದು ನನ್ನ ಇಪ್ಪತ್ತು ವರ್ಷದ ವ್ರತ. ಬಜ್ಜಿಗೆ ಕೆಂಪು ಬಂತು. ಮಧ್ಯಾಹ್ನ ಮನೆಯಲ್ಲಿ ತುಪ್ಪ ಸುರಿದುಕೊಂಡ ಅನ್ನಕ್ಕೂ ಕೆಂಪು ಬಂತು. ಶಾಲೆಯಲ್ಲೂ ನಾನು ಇಷ್ಟು ಕೆಂಪು ಶಾಯಿ ಕಂಡಿರಲಿಲ್ಲ.

ಮಾರನೆಯ ದಿನ ನಾನೂ ಮಗಳೂ ಉಂಡೆದ್ದ ಮೇಲೆ ನನ್ನ ಹೆಂಡತಿ ನೀಲಮ್ಮ ತನ್ನ ತಟ್ಟೆ ಹಾಕಿಕೊಂಡು ಕುಳಿತಳು. ಎರಡು ಜೋಳದ ರೊಟ್ಟಿ, ತುಪ್ಪವಿಲ್ಲ, ಅನ್ನವಿಲ್ಲ. ನನ್ನೊಳಗಿನ ಕಳ್ಳ ಎದ್ದು ನಿಂತ. ಫೋನು ಹಿಡಿದು ಬಗ್ಗಿದೆ.

“ನಾ ಉಣ್ಣೋದ್ರಾಗ ಏನ್ ಚಂದ ಕಾಣಸ್ತೈತ್ರಿ ನಿಮಗ?” ಎಂದಳು.

“ಹಂಗ ಸುಮ್ನ. ನೋಡಾಕ ಚಂದ ಐತಿ” ಎಂದೆ.

ಹಸಿರು ಚುಕ್ಕೆ ಬಂತು. ಅಂದಿನಿಂದ ದಿನವೂ ಅದೇ ಕಸುಬಾಯಿತು. ಬೆಳಗಿನ ಬಜ್ಜಿ ಯಾರಿಗೂ ವರದಿಯಾಗಲಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ನೀಲಮ್ಮ ನಾನು ಫೋನು ಹಿಡಿದು ಬರುವ ಮೊದಲು ಸೆರಗಿನಿಂದ ತಟ್ಟೆಯ ಅಂಚು ಒರೆಸಿ ಇಡತೊಡಗಿದಳು. ಅದನ್ನು ಕಂಡೂ ನಾನು ಸುಮ್ಮನಿದ್ದೆ. ಬಜ್ಜಿಗಿಂತ ದೊಡ್ಡ ತಪ್ಪು ಅದು.

ಮೂರು ವಾರವಾದ ಮೇಲೆ ನಸ್ರೀನಳ ಫೋನು ಬಂತು. ಶಾಭಾಸ್ ಅನ್ನುತ್ತಾಳೆಂದುಕೊಂಡೆ.

“ಸಾರ್, ನಿಮ್ಮ ಫೋಟೋ ಎಲ್ಲಾ ನೋಡಿನಿ. ರೊಟ್ಟಿ ಚಲೋ. ಆದ್ರ ಪಲ್ಯ ಎಲ್ಲೈತಿ? ದಿನಾ ಉಪ್ಪಿನಕಾಯಿ, ಮಜ್ಜಿಗಿ ಮೆಣಸಿನಕಾಯಿ, ಹಪ್ಪಳದ ಚೂರು. ಒಂದು ದಿನಾನಾದ್ರೂ ಪಲ್ಯ ಬ್ಯಾಡೇನು? ಇಷ್ಟು ಉಪ್ಪು ತಿಂದ್ರ ಹೆಂಗ?”

ಅವಳೇ ಮುಂದುವರಿಸಿದಳು.

“ಇನ್ನೊಂದು ಮಾತು ಸಾರ್. ಮೊನ್ನೆ ಫೋಟೋದಾಗ ತಟ್ಟಿ ಪಕ್ಕ ಒಂದು ಕೈ ಬಂದೈತಿ. ನೀವು ಹಸಿರು ಬಳಿ ಹಾಕ್ಕೊಂತೀರೇನು?” ಸ್ವಲ್ಪ ತಡೆದು, “ನಿಜಂ ಚೆಪ್ಪಂಡಿ ಸಾರ್. ಈ ತಟ್ಟಿ ಯಾರ್ದು?”

ನಿಜವನ್ನು ತೆಲುಗಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿಲ್ಲ ಆ ಹೆಣ್ಣುಮಗಳು. ಮನೆಯ ಅಮ್ಮನಿಗೆ, ಅಂದರೆ ನೀಲಮ್ಮನಿಗೆ, ಸಂಜೆ ತಲೆನೋವು ಬರುತ್ತದೆಯೇ ಎಂದು ಕೇಳಿದಳು. ಬರುತ್ತಿತ್ತು. ಬಿಸಿಲಿಗೆ ಎಂದು ನೀಲಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಳು, ನಾನೂ ಬಿಸಿಲನ್ನೇ ಬೈಯುತ್ತಿದ್ದೆ.

“ನಾಳೆ ಅಮ್ಮನ್ನ ಕರ್ಕೊಂಡು ಬರ್ರಿ. ತಪ್ಪಿಸಬ್ಯಾಡ್ರಿ” ಎಂದಳು.

ಆಸ್ಪತ್ರೆಯಲ್ಲಿ ನೀಲಮ್ಮನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಇನ್ನೊಮ್ಮೆ ನೋಡಿದರು. ಮೂರನೆಯ ಸಲಕ್ಕೆ ಬೇರೆ ಯಂತ್ರ ತರಿಸಿದರು. ಯಂತ್ರ ಸರಿಯಾಗಿಯೇ ಇತ್ತು. ಡಾಕ್ಟರು ಅವಳನ್ನು ಅಂದು ಸಂಜೆಯವರೆಗೆ ಮಂಚದ ಮೇಲೆಯೇ ಮಲಗಿಸಿ, ನನ್ನನ್ನು ಹೊರಗೆ ಕರೆದು, “ಹಿಂಗೇ ಬಿಟ್ಟಿದ್ರ ಯಾವತ್ತೋ ಒಂದಿನ ಕೈಕಾಲು ಬಿದ್ದುಬಿಡ್ತಿದ್ವು. ಹಾರ್ಟಿಗೂ ಬರ್ತಿತ್ತು” ಎಂದರು. ನನ್ನ ಹೃದಯ ಉಳಿಸಲು ಹೊರಟವನು ನಾನು. ಕಾರಿಡಾರಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿದ್ದ ಅಷ್ಟೂ ತಟ್ಟೆಗಳನ್ನು ಮೊದಲ ಸಲ ಕಣ್ಣಿಟ್ಟು ನೋಡಿದೆ. ಒಂದರಲ್ಲೂ ಪಲ್ಯವಿರಲಿಲ್ಲ. ಅಡುಗೆ ಮನೆಯಲ್ಲಿ ಪಲ್ಯ ಮಾಡದ ದಿನವೇ ಇರಲಿಲ್ಲ. ಅದು ಎಲ್ಲಿಗೆ ಹೋಗುತ್ತಿತ್ತು ಎಂದು ನನ್ನ ಹೊಟ್ಟೆಗೇ ಗೊತ್ತಿತ್ತು.

ಮನೆಗೆ ಮರಳುವಾಗ ಆಟೋದಲ್ಲಿ ಅವಳಿಗೆ ಎಲ್ಲ ಹೇಳಿದೆ.

“ಅಂದ್ರ, ಚಂದ ಐತಿ ಅಂತ ಹಿಡಿದಿದ್ದಲ್ಲ ಅದು.”

“ಅಲ್ಲ” ಎಂದೆ.

ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಪೂರ್ತಿ ಹೋಯಿತು. ಆಮೇಲೆ ಅವಳು ಔಷಧಿಯ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, “ಸುಳ್ಳು ಹೇಳಿದ್ದೇ ಚಲೋ ಆತು ಬಿಡ್ರಿ. ಖರೇ ಹೇಳಿದ್ರ ನನ್ನ ತಟ್ಟಿ ಯಾರು ನೋಡ್ತಿದ್ರು?” ಎಂದಳು. ಅವಳು ಕ್ಷಮಿಸಿದ್ದಳು. ಆ ಕ್ಷಮೆಯಷ್ಟು ಖಾರದ ಬಜ್ಜಿಯನ್ನು ನಾನು ಎಲ್ಲೂ ತಿಂದಿಲ್ಲ.

ಫೋನಿನ ಆ ಪುಟ್ಟ ಆ್ಯಪಿಗೂ, ಅದರ ಹಸಿರು ಚುಕ್ಕೆಯನ್ನು ನಂಬದೆ ತಾನೇ ಕೂತು ನೋಡಿದ ನಸ್ರೀನಳಿಗೂ ನಾನು ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ. ಚುಕ್ಕೆ ಇಡುವುದು ಯಾರಿಗಾದರೂ ಬಂದೀತು. ತಟ್ಟೆ ಯಾರದು ಎಂದು ಕೇಳಲು ಕರುಳು ಬೇಕು.

ನಸ್ರೀನ್ ಹೊಸ ನಿಯಮ ಮಾಡಿದ್ದಾಳೆ. ಇನ್ನು ಮುಂದೆ ಎರಡೂ ತಟ್ಟೆ ಒಂದೇ ಫೋಟೋದಲ್ಲಿ ಬರಬೇಕು. ಹಾಗೆ ಬರಬೇಕಾದರೆ ಇಬ್ಬರೂ ಒಟ್ಟಿಗೆ ಕೂರಲೇಬೇಕು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನಾವು ಹಾಗೆ ಕೂತದ್ದಿಲ್ಲ. ಮೊದಲ ದಿನ ನೀಲಮ್ಮ ನಾಚಿಕೊಂಡೇ ಕುಳಿತಳು. ಒಲೆಯಿಂದ ಆಗಷ್ಟೇ ಇಳಿಸಿದ ಪುಂಡಿಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ತಿಂದು, ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ನಾ ಮಾಡೋ ಪಲ್ಯ ಇಷ್ಟು ಚಲೋ ಇರ್ತೈತೇನ್ರಿ?”

ಅಷ್ಟು ವರ್ಷ ನಾನು ಅದನ್ನು ಬಾಯ್ತುಂಬ ಹೊಗಳಿದ್ದೆ. ಹೌದೋ ಅಲ್ಲವೋ ಎಂದು ನೋಡಲು ಅವಳ ಪಾಲಿಗೆ ಒಂದು ಸೌಟು ಉಳಿಸಿರಲಿಲ್ಲ, ಅಷ್ಟೆ.